ಸತುವಿನ ಗೆರೆ

ಆರ್ಡಿತ್ ಒಂದು ಸೆಂಟಿನ ನಾಣ್ಯವನ್ನು ಮೇಜಿನ ಮೇಲಿಟ್ಟು ಬಾಯಿ ಮುಚ್ಚಿಕೊಂಡು ಕೂತಳು. ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ನಾಣ್ಯ ಸಂಗ್ರಾಹಕರ ಸಂಘದ ಕಟ್ಟಳೆಯೇ ಅದು. ನಾಣ್ಯ ತಂದವರು ತಮಗೇನು ಕಂಡಿತೆಂದು ಮೊದಲೇ ಹೇಳುವಂತಿಲ್ಲ. ಹೇಳಿದರೆ ನೋಡುವವರಿಗೂ ಅದೇ ಕಾಣತೊಡಗುತ್ತದೆ. ಕಟ್ಟಳೆ ಮಾಡಿದವಳೂ ಅವಳೇ, ಈಗ ಚಡಪಡಿಸುತ್ತಿದ್ದವಳೂ ಅವಳೇ.

ನಾಣ್ಯದ ಅಕ್ಷರಗಳ ಪಕ್ಕದಲ್ಲಿ ಅವಳಿಗೆ ಇನ್ನೊಂದು ಗೆರೆ ಕಾಣುತ್ತಿತ್ತು. ಒಂದರಲ್ಲಷ್ಟೇ ಅಲ್ಲ, ಬ್ಯಾಂಕಿನಿಂದ ತಂದ ಬೇರೆ ಬೇರೆ ವರ್ಷದ ಎಷ್ಟೋ ನಾಣ್ಯಗಳಲ್ಲಿ. ಅಚ್ಚಿನಲ್ಲೇ ಅಕ್ಷರ ಜೋಡಿಯಾಗಿರುವ ಅಪರೂಪದ ನಾಣ್ಯ ಹೀಗೆ ರಾಶಿಗಟ್ಟಲೆ ಸಿಗುವುದುಂಟೆ? ಸತುವಿನ ಮೇಲಿನ ತಾಮ್ರದ ಲೇಪ ಬಿರಿದರೂ ಹೀಗೆಯೇ ಕಾಣುತ್ತದೆಂದು ಸಂಘಕ್ಕೆಲ್ಲ ಪಾಠ ಹೇಳಿದವಳು ಅವಳು. ಆದರೆ ಅವಳ ತಾಯಿಯ ಕಣ್ಣು ಹೋದದ್ದೂ ಹೀಗೆಯೇ, ಮೊದಲು ಅಕ್ಷರಗಳು ಎರಡೆರಡಾಗಿ ಕಂಡಿದ್ದವು. ಗೆರೆ ನಾಣ್ಯದಲ್ಲಿದೆಯೋ ತನ್ನ ಕಣ್ಣಿನಲ್ಲಿದೆಯೋ ಎಂದು ಹೆದರಿ ಅವಳು ನಿದ್ದೆಗೆಟ್ಟಿದ್ದಳು. ಡಾಕ್ಟರ ಬಳಿ ಹೋದರೆ ಡ್ರೈವಿಂಗ್ ಲೈಸೆನ್ಸಿಗೇ ಕುತ್ತು. ಬಸ್ಸೇ ಬಾರದ ಓಹಾಯೋದ ಆ ಹಳ್ಳಿಗಾಡಿನಲ್ಲಿ ಕಾರು ಓಡಿಸಲಾಗದವರು ಮನೆ ಹಿಡಿದ ಹಾಗೆಯೇ. ಕಾರಣ ಹೇಳದೆ ಕೆಲವು ದಿನಗಳಿಂದ ಪಕ್ಕದ ಮನೆಯ ವರ್ನಾಳ ಕಾರಿನಲ್ಲಿ ಓಡಾಡುತ್ತಿದ್ದಳು.

ಸಂಘದ ಹಳೆಯ ಸದಸ್ಯ ಲೋರೆನ್ ಭೂತಗನ್ನಡಿ ಹಿಡಿದು ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ತಿರುಗಿಸಿದ. ಅವಸರದ ಮನುಷ್ಯನಲ್ಲ. ನಡುವೆ ಕಾಫಿ ಕುಡಿದ, ಮೀಸೆ ಒರೆಸಿಕೊಂಡ, ಮತ್ತೆ ನೋಡಿದ.

"ಏನೂ ಇಲ್ಲ ಇದ್ರಲ್ಲಿ," ಎಂದು ನಾಣ್ಯವನ್ನು ಹಿಂದಕ್ಕೆ ತಳ್ಳಿದ.

ಆರ್ಡಿತ್‌ ಮುಂದಕ್ಕೆ ಬಾಗಿದಳು. ಕಟ್ಟಳೆ ಮರೆತು ಕೇಳಿಯೇಬಿಟ್ಟಳು.

"ಒಂದು ಗೆರೆನೂ ಕಾಣ್ಲಿಲ್ವಾ ನಿಂಗೆ?"

"ಗೆರೆ ಇಲ್ದೆ ಏನು, ಢಾಳಾಗಿ ಕಾಣುತ್ತೆ. ತಾಮ್ರ ಬಿರಿದು ಒಳಗಿನ ಸತು ಇಣುಕ್ತಿದೆ, ಅಷ್ಟೆ. ಜೋಡಿ ಅಚ್ಚಾಗಿದ್ರೆ ಎರಡನೇ ಅಕ್ಷರನೂ ಉಬ್ಬಿರ್ಬೇಕಿತ್ತು, ಇದು ಬರೀ ಬೂದು ಗೀಟು. ನಮಗೆ ಹೇಳ್ಕೊಟ್ಟೋಳು ನೀನೇ, ಈಗ ನೀನೇ ಹಳ್ಳಕ್ಕೆ ಬಿದ್ಯಾ?"

ಅವಳು ಗಡಿಬಿಡಿಯಿಂದ ಪರ್ಸು ತೆರೆದು ಇನ್ನಷ್ಟು ನಾಣ್ಯಗಳನ್ನು ಸುರಿದಳು. ಲೋರೆನ್ ಒಂದೊಂದನ್ನೇ ನೋಡಿ, ಎಲ್ಲದರಲ್ಲೂ ಅದೇ ಗೀಟು, ಎಲ್ಲವೂ ಖರ್ಚಿಗೇ ಸರಿ ಎಂದ. ಆರ್ಡಿತ್ ನಗತೊಡಗಿದಳು, ನಗುತ್ತಲೇ ಅತ್ತಳು. ನಿಧಿ ಕೈತಪ್ಪಿದ ದುಃಖವೆಂದುಕೊಂಡು ಅವನು, ಮುಂದಿನ ಸಲ ಸಿಕ್ಕೇ ಸಿಗುತ್ತದೆಂದು ಸಮಾಧಾನ ಹೇಳಿದ. ಆಗ ಅವಳು ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮನಸ್ಸು ಎಷ್ಟು ಹಗುರವಾಗಿತ್ತೆಂದರೆ, ನಾಳೆಯೇ ಡಾಕ್ಟರಿಗೂ ಕಣ್ಣು ತೋರಿಸುತ್ತೇನೆ, ಈಗ ಹೆದರಿಕೆಯಿಲ್ಲ ಎಂದಳು.

ಅವಳನ್ನು ಕಾರಿನಲ್ಲಿ ಕರೆತಂದು ಪಕ್ಕದ ಮೇಜಿನಲ್ಲಿ ಹಣ್ಣಿನ ಪೈ ತಿನ್ನುತ್ತಿದ್ದ ವರ್ನಾ ಎಲ್ಲ ಕೇಳಿಸಿಕೊಂಡು ಕಣ್ಣೊರೆಸಿಕೊಂಡಳು. ಆರ್ಡಿತ್ ಅವಳ ಮುಂದೆ ಕೈ ಚಾಚಿದಳು.

"ಕೀ ಕೊಡು. ಮನೆಗೆ ನಾನೇ ಓಡಿಸ್ತೀನಿ."

"ಕಾರು ನಂದು ಕಣೆ."

"ಕಾರು ನಿಂದೇ ಇರ್ಲಿ," ಎಂದಳು ಆರ್ಡಿತ್. "ಕಣ್ಣು ನಂದು."