ಒಂದೇ ಜಾಗ

ಚೆಲುವನೂ ಲೋಹಿತನೂ ಮಂಡ್ಯದ ಒಂದೇ ಶಾಲೆಯ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿತವರು. ದೊಡ್ಡವರಾದ ಮೇಲೆ ಎದುರಾಳಿ ಕ್ಲಬ್ಬುಗಳ ಪಾಲಾದರು. ಈಗ ಭಾರತ ತಂಡದಲ್ಲಿ ಉಳಿದಿರುವುದು ಒಂದೇ ಜಾಗ ಎಂಬ ಮಾತು ಹಬ್ಬಿತ್ತು.

ಆ ಎರಡು ಕ್ಲಬ್ಬುಗಳ ನಡುವಿನ ಫೈನಲ್‌ನ ಅರ್ಧ ಆಟ ಮುಗಿದಾಗ ಕ್ಲಬ್ಬಿನ ಮ್ಯಾನೇಜರ್ ಚೆಲುವನ ಕಿವಿಯ ಬಳಿ ಬಾಗಿ, "ಲೋಹಿತ ಎರಡು ಕಾಲ ಮೇಲೆ ನಿಂತಿರೋವರೆಗೂ ಆ ಜಾಗ ನಿನ್ನದಲ್ಲ," ಎಂದ.

ಆಟ ಮತ್ತೆ ಶುರುವಾಯಿತು. ಲೋಹಿತ ಚೆಂಡು ಹಿಡಿದು ಬುಟ್ಟಿಯತ್ತ ಹಾರಿದ. ಚೆಲುವ ಗಾಳಿಯಲ್ಲೇ ಅವನ ಬಾಯಿಗೆ ಮೊಣಕೈಯಿಂದ ಗುದ್ದಿದ. ಕೆಳಗೆ ಬಿದ್ದವನ ಮಂಡಿಯ ಮೇಲೆ ತನ್ನ ಇಡೀ ಭಾರ ಬಿಟ್ಟ. ಮೂಳೆ ಲಟ್ಟೆಂದ ಸದ್ದು ಗ್ಯಾಲರಿಗೂ ಕೇಳಿಸಿತು. ನೆಲದ ಮೇಲೆ ರಕ್ತ, ಅದರಲ್ಲಿ ಎರಡು ಹಲ್ಲು.

ರೆಫರಿ ಚೆಲುವನನ್ನು ಹೊರಗಟ್ಟಿದ. ಬಾಗಿಲಲ್ಲಿ ಸ್ಟ್ರೆಚರ್ ಎದುರಾದಾಗ ಅವನಿಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ಕಣ್ಲಾ..."

ಲೋಹಿತ ಅವನ ಕೈ ಹಿಡಿದುಕೊಂಡ. "ನೀನು ಬೇಕಂತ ಮಾಡ್ತೀಯೇನ್ಲಾ?" ಬಾಯ್ತುಂಬ ರಕ್ತ, ಮಾತು ತೊದಲುತ್ತಿತ್ತು. "ಬೆಳಿಗ್ಗೆನೇ ಫೋನ್ ಬಂದಿತ್ತು. ಆಟ ಮುಗುದ್‌ಮೇಲೆ ನಿಂಗೆ ಹೇಳಾನ ಅಂತಿದ್ದೆ. ಇಂಡಿಯಾ ಟೀಮ್ ಪಟ್ಟೀಲಿ ನಮ್ಮಿಬ್ರ ಹೆಸ್ರೂ ಅದಂತೆ ಕಣ್ಲಾ."