ಡಬ್ಬವಿಲ್ಲದ ದುರ್ಬೀನು

"ಇದು ಹತ್ತೊಂಬತ್ತು ಡಾಲರಿನದು, ಆಟದ ಸಾಮಾನು. ಅದು ನೂರ ಎಂಬತ್ತೊಂಬತ್ತು, ನಿಜವಾದದ್ದು," ಎಂದು ಅಂಗಡಿಯ ಮುದುಕ ಎರಡು ದುರ್ಬೀನುಗಳನ್ನು ಅಪೂರ್ವಳ ಮುಂದಿಟ್ಟ. "ನಿಮ್ಮ ಹುಡುಗಿ ಯಾವ ಹಕ್ಕಿ ನೋಡುತ್ತಾಳೆ?"

"ಕಂಡದ್ದೆಲ್ಲ," ಎಂದಳು ಅಪೂರ್ವ. ಮನೆಯೊಡತಿಯ ಮಗಳು, ಒಂಬತ್ತು ತುಂಬಲಿರುವ ಮಾಲವಿಕಾ, ಟಾಯ್ಲೆಟ್ ಪೇಪರಿನ ಎರಡು ರಟ್ಟಿನ ಕೊಳವೆಗಳನ್ನು ಅಂಟಿಸಿಕೊಂಡು ಹಿತ್ತಲಿನ ಗಿಳಿಗಳನ್ನು ನೋಡುತ್ತಾಳೆ ಎಂದು ಹೇಳಲು ಯಾಕೋ ನಾಚಿಕೆಯಾಯಿತು. ನಿಜವಾದದ್ದನ್ನು ಕಣ್ಣಿಗಿಟ್ಟುಕೊಂಡು ಕಿಟಕಿಯ ಆಚೆ ನೋಡಿದಳು. ದೀಪದ ಕಂಬದ ಮೇಲೆ ಕೂತ ಮ್ಯಾಗ್‌ಪೈ ಹಕ್ಕಿಯ ಕಣ್ಣಿನ ಬಣ್ಣ ಸಹ ಕಂಡಿತು. ಅಬ್ಬಬ್ಬಾ!

ದುಡ್ಡಿನ ಯೋಚನೆ ಇರಲಿಲ್ಲವೆಂದಲ್ಲ. ನರ್ಸಿಂಗ್ ಓದು ಮುಗಿದು ಪರ್ತ್‌ನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ಶನಿವಾರ ಹೊರಡಬೇಕು, ಅಲ್ಲಿ ಚಮಚದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು. ಆದರೆ ಅವಳ ಕೈ ತಡೆದದ್ದು ಅದಲ್ಲ, ಇಂದುಮತಿ ಆಂಟಿಯ ಕಪಾಟು. ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ಅವರ ಮನೆಯಲ್ಲಿ ಎರಡು ವರ್ಷದಿಂದ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ ಅಪೂರ್ವಳಿಗೆ ಆ ಕಪಾಟಿನ ಕಾನೂನು ಬಾಯಿಪಾಠ. ಮಗಳು ಮಾಲವಿಕಾಗೆ ಬಂದ ಉಡುಗೊರೆಗಳಲ್ಲಿ ಸಾಧಾರಣವಾದದ್ದು ಮಗಳ ಕೈಗೆ. ಒಳ್ಳೆಯದು ಡಬ್ಬ ಸಹ ಬಿಚ್ಚದೆ ಕಪಾಟಿಗೆ, ಅಲ್ಲಿಂದ ಇನ್ಯಾರದೋ ಮನೆಯ ಹುಟ್ಟುಹಬ್ಬಕ್ಕೆ. ಕೊಟ್ಟವರ ಹೆಸರಿನ ಚೀಟಿಯನ್ನು ಬೇರೆ ಅಂಟಿಸಿಟ್ಟಿರುತ್ತಾರೆ, ಅಪ್ಪಿತಪ್ಪಿ ಅದು ಅವರ ಮನೆಗೇ ವಾಪಸು ಹೋಗಬಾರದಲ್ಲ! ಹೀಗಾಗಿ ಉಡುಗೊರೆ ಎಷ್ಟು ಒಳ್ಳೆಯದೋ ಮಗುವಿಗೆ ಅಷ್ಟು ದೂರ. ಹತ್ತೊಂಬತ್ತು ಡಾಲರಿನದನ್ನು ಕೊಂಡರೆ ಅದಾದರೂ ಹುಡುಗಿಗೆ ದಕ್ಕುತ್ತದೆ.

ಆಂಟಿ ಜಿಪುಣೆ ಅಂದುಕೊಂಡರೆ ತಪ್ಪು. ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು ಬಂದ, ಇಲ್ಲಿ ಚಳಿಗಾಲವಾದ ಜುಲೈಯಲ್ಲಿ ಅಪೂರ್ವ ಊರಿಂದ ತಂದ ತೆಳು ಹೊದಿಕೆಯೊಳಗೆ ನಡುಗುತ್ತಿದ್ದಾಗ, ಅವರು ಅದೇ ಕಪಾಟಿನಿಂದ ಹೊಚ್ಚಹೊಸ ರಜಾಯಿ ತೆಗೆದು, ಪ್ಲಾಸ್ಟಿಕ್ ಹರಿದು ಹೊದಿಸಿದ್ದರು. ಹದಿನೈದು ದಿನ ಮೆಣಸಿನ ಸಾರು, ಅನ್ನ ಹಾಸಿಗೆಗೇ ಬಂದಿತ್ತು. ರಜಾಯಿಯ ತುಂಬ ರೆಕ್ಕೆಯ ಕುದುರೆಗಳು. ಮಾಲವಿಕಾ ಬಾಗಿಲಲ್ಲಿ ನಿಂತು, "ದಟ್ ವಾಸ್ ಮೈ ಬರ್ತ್‌ಡೇ ಪ್ರೆಸೆಂಟ್," ಎಂದವಳು ಒಂದು ಗಳಿಗೆ ಯೋಚಿಸಿ, "ಇಟ್ಸ್ ಓಕೆ ಅಕ್ಕಾ, ಯು ಆರ್ ಕೋಲ್ಡ್," ಎಂದಿದ್ದಳು. ಎರಡು ಚಳಿಗಾಲ ತಾನು ಬೆಚ್ಚಗೆ ಮಲಗಿದ್ದು ಆ ಮಗುವಿನ ಕುದುರೆಗಳ ಕೆಳಗೆ. ಇಷ್ಟು ದಿನ ಒಂದು ಥ್ಯಾಂಕ್ಸ್ ಸಹ ಸರಿಯಾಗಿ ಹೇಳಲಿಲ್ಲವಲ್ಲ ಎನ್ನಿಸಿ ಅಪೂರ್ವ ಹತ್ತೊಂಬತ್ತು ಡಾಲರಿನದನ್ನು ಪಕ್ಕಕ್ಕೆ ಸರಿಸಿದಳು.

"ಒಳ್ಳೆಯದನ್ನೇ ಕೊಡಿ," ಎಂದಳು ಮುದುಕನಿಗೆ.

ಹುಟ್ಟುಹಬ್ಬದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿದಳು. ಅಂದು ಕಸದ ಲಾರಿ ಬರುವ ದಿನ. ದುರ್ಬೀನನ್ನು ಹೊರಗೆ ತೆಗೆದು, ಡಬ್ಬವನ್ನು ಚಪ್ಪಟೆ ಮಾಡಿ ರಸ್ತೆಬದಿಯ ಹಳದಿ ಮುಚ್ಚಳದ ಬಿನ್ನಿಗೆ ಹಾಕಿದಳು. ಆಮೇಲೆ ದುರ್ಬೀನನ್ನು ದೇವರ ಮುಂದಿಟ್ಟು, ಅಪ್ಪ ಹೊಸ ಸ್ಕೂಟರಿಗೆ ಮಾಡಿದ್ದಂತೆಯೇ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು.

"ಅಮ್ಮಾ! ಐ ಕೆನ್ ಸೀ ಇಟ್ಸ್ ಟಂಗ್!" ಗಿಳಿಯ ನಾಲಗೆ ಕಂಡ ಮಾಲವಿಕಾಳ ಕಿರುಚಾಟಕ್ಕೆ ಆಂಟಿ ಪಾಯಸದ ಸೌಟು ಹಿಡಿದೇ ಹಿತ್ತಲಿಗೆ ಓಡಿ ಬಂದರು. ದುರ್ಬೀನಿನ ಮೇಲಿದ್ದ ಕಂಪನಿಯ ಹೆಸರು ಓದಿ ಹಣೆ ಚಚ್ಚಿಕೊಂಡರು.

"ಅಯ್ಯೋ ಹುಚ್ಚೀ, ಇಷ್ಟ್ ದುಡ್ಡು ಸುರಿಯೋದಾ? ಬಾಕ್ಸ್ ಎಲ್ಲೇ?"

"ಬಿನ್‌ಗೆ ಹಾಕ್ದೆ, ಆಂಟಿ."

"ಯಾವ್ ಬಿನ್? ತಾಳು, ನಾನ್ ತರ್ತೀನಿ."

"ಹಳದೀದು. ಲಾರಿ ಬಂದ್ಹೋಯ್ತು."

"ಮುಂದಿನ್ ತಿಂಗ್ಳು ಗುರುದತ್ ಮಗಂದು ಬರ್ತ್‌ಡೇ ಇತ್ತು ಕಣೇ..." ಎನ್ನುತ್ತ ಮಗಳ ಕೈಯಿಂದ ದುರ್ಬೀನು ಇಸಿದುಕೊಂಡ ಆಂಟಿ, ಅದರ ಮೇಲಿನ ಕುಂಕುಮವನ್ನು ಬೆರಳಿಂದ ಮುಟ್ಟಿ ನೋಡಿದರು. "ಕಿಲಾಡಿ! ಬೇಕಂತ್ಲೇ ಮಾಡಿದ್ದೀಯ."

"ಹೂಂ ಆಂಟಿ. ಅವಳ ರಜಾಯಿ ನಾನ್ ಹೊದ್ಕೊಂಡೆ. ಇದಾದ್ರೂ ಅವಳ ಹತ್ರಾನೇ ಇರ್ಲಿ."

ಆಂಟಿ ಜೋರಾಗಿ ನಕ್ಕರು, ಮತ್ತೆ ಕುರ್ತಾದ ತೋಳಿನಿಂದ ಕಣ್ಣೊರೆಸಿಕೊಂಡರು. "ಒಳ್ಳೇದೇನಿದ್ರೂ ಬೇರೆಯವರಿಗೆ ಕೊಟ್ಟೇ ಅಭ್ಯಾಸ ಕಣೇ ನಂಗೆ. ನನ್ ಮಗಳಿಗೂ ಕೊಡು ಅಂತ ಇದುವರ್ಗೂ ಯಾರೂ ಹೇಳಿರ್ಲಿಲ್ಲ. ನೀನ್ ಹೇಳ್ದೆ, ನಿನ್ನ ಹೊಟ್ಟೆ ತಣ್ಣಗಿರ್ಲಿ."

"ಅಮ್ಮಾ, ವಾಟ್ಸ್ ದ ರೆಡ್ ಡಾಟ್ ಫಾರ್?" ಎಂದಳು ಮಾಲವಿಕಾ.

"ಪೂಜೆ ಮಾಡಿ ಕುಂಕುಮ ಇಟ್ಮೇಲೆ ಅದು ಈ ಮನೇದು, ಪುಟ್ಟಾ. ಇನ್ಯಾರಿಗೂ ಕೊಡೋ ಹಾಗಿಲ್ಲ."

ಮಾಲವಿಕಾ ಒಳಗೆ ಓಡಿದಳು. ತಿರುಗಿ ಬಂದಾಗ ಅವಳ ಬೆರಳು ಕೆಂಪಾಗಿತ್ತು. ಅಪೂರ್ವಳ ಕುತ್ತಿಗೆ ಜಗ್ಗಿ ಬಗ್ಗಿಸಿ, ಹಣೆಯ ನಡುವೆ ಬೆರಳನ್ನು ಒತ್ತಿ ಅಮ್ಮನ ಕಡೆ ತಿರುಗಿದಳು.

"ಈಗ ಅಕ್ಕಾನೂ ಈ ಮನೇದು. ಪರ್ತ್‌ಗೆ ಗಿವ್ ಅವೇ ಮಾಡೋ ಹಾಗಿಲ್ಲ."