ದಕ್ಷಿಣ ದಂಡೆಯ ಗೂಡುಗಳು

ಮೊಟ್ಟೆ ಒಡೆದಿತ್ತು. ಒಳಗಿನಿಂದ ಕಪ್ಪು ಮರಿಯೊಂದು ಕತ್ತು ಹೊರಚಾಚಿ ಬಾಯಿ ಬಿಡುತ್ತಿತ್ತು.

"ಇದು ಹೇಗೆ ಬದುಕ್ತು?" ಎಂದು ಸ್ಟ್ರೌಡ್ ಕೇಳಿದ. ಇಲಾಖೆಯ ಮೇಲಧಿಕಾರಿ ಅವನು, ತಪಾಸಣೆಗೆ ಬಂದಿದ್ದ.

ಪಕ್ಕದ ಗೂಡಿನಲ್ಲೂ ಮರಿ. ಅದರಾಚೆಯದರಲ್ಲೂ. ದ್ವೀಪದ ಉತ್ತರ ದಂಡೆಯುದ್ದಕ್ಕೂ ನೀರುಕಾಗೆಗಳು ರೆಕ್ಕೆ ಹರಡಿ ನಿಂತು, ಇವರತ್ತ ಗೊರಗೊರ ಬೈಯುತ್ತಿದ್ದವು.

ಬದುಕಬಾರದಿತ್ತು. ಕೊಲಂಬಿಯಾ ನದಿ ಕಡಲು ಸೇರುವಲ್ಲಿನ ಈ ಮರಳು ದ್ವೀಪದಲ್ಲಿ, ನೀರುಕಾಗೆಯ ಮೊಟ್ಟೆಗಳಿಗೆ ಜೋಳದ ಎಣ್ಣೆ ಸಿಂಪಡಿಸುವುದೇ ಇವರ ಕೆಲಸ. ಎಣ್ಣೆ ಮೆತ್ತಿದ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಹಕ್ಕಿ ಕಮ್ಮಿಯಾದರೆ, ನದಿಯಿಂದ ಕಡಲಿಗಿಳಿಯುವ ಸಾಲ್ಮನ್ ಮರಿಗಳು ಉಳಿಯುತ್ತವೆ. ಅಳಿದುಹೋಗುತ್ತಿರುವ ಮೀನು ಮತ್ತೆ ನದಿ ತುಂಬುತ್ತದೆ. ಇಲಾಖೆಯ ನಂಬಿಕೆ ಅದು.

ತಂಡದ ಮುಖ್ಯಸ್ಥೆ ಹಿಲ್ಯಾ ಕಂಗಾಸ್ ಮರಿಗಳನ್ನು ನೋಡಲಿಲ್ಲ. ಅವಳ ಕಣ್ಣು ದಕ್ಷಿಣ ದಂಡೆಯ ಮೇಲಿತ್ತು. ಅಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಬಿಟ್ಟುಹೋದ ಗೂಡುಗಳು, ತಣ್ಣಗಾದ ಮೊಟ್ಟೆಗಳು.

"ಅದು ನೀವು ಎಣ್ಣೆ ಹೊಡೆದ ಕಡೆ ಅಲ್ವಾ? ಚೊಕ್ಕ ಕೆಲಸ," ಎಂದ ಸ್ಟ್ರೌಡ್. "ಈ ಕಡೆ ಯಾರ ಪಾಲು?"

ಡೆಲ್ ಮುಂದೆ ಬಂದ. ನಡುವಯಸ್ಸಿನ ಸಪ್ಪೆ ಮನುಷ್ಯ, ಈ ವರ್ಷವೇ ಕೆಲಸಕ್ಕೆ ಸೇರಿದವನು. ಸ್ಟ್ರೌಡ್ ಅವನ ಬೆನ್ನಿನ ಕ್ಯಾನು ಇಳಿಸಿ, ಮುಚ್ಚಳ ತೆಗೆದು ಮರಳಿನ ಮೇಲೆ ಸುರಿದ. ಮೊದಲು ತುಸು ಎಣ್ಣೆ ಬಂತು. ಆಮೇಲೆ ಬರೀ ನೀರು.

"ದೇವರಾಣೆ ನಾನಲ್ಲ ಸಾರ್. ಕೊಟ್ಟ ಕ್ಯಾನು ಕಟ್ಕೊಂಡು ಹೊಡೀತೀನಿ, ಅಷ್ಟೇ."

"ದಿನಾ ಕಡಲಹಕ್ಕಿಗಳಿಗೆ ನಿನ್ನ ಬ್ರೆಡ್ ಮುರಿದು ಹಾಕ್ತೀಯಂತಲ್ಲ? ಇವುಗಳ ಮೇಲೂ ಅಯ್ಯೋ ಪಾಪ ಅನ್ನಿಸ್ತೇನೋ!"

ಹಿಲ್ಯಾಳಿಗೆ ಈ ಮಾತೆಲ್ಲ ಗೋಡೆಯಾಚೆಯಿಂದ ಕೇಳಿಸಿದಂತಿತ್ತು. ಈಚೆಗೆ ಎಲ್ಲವೂ ಹಾಗೆಯೇ ಕೇಳಿಸುತ್ತಿತ್ತು. ಸಾಲ್ಮನ್ ಹಿಡಿಯುವುದಕ್ಕೆ ನಿಷೇಧ ಬಿದ್ದ ಮೇಲೆ ಅವಳ ಗಂಡ ರೇನೋ ಚಳಿಗಾಲದಲ್ಲಿ ಏಡಿ ಹಿಡಿಯಲು ಕಡಲಿಗೆ ಹೋದ. ನದೀಮುಖದ ಅಲೆಗಳಲ್ಲಿ ದೋಣಿ ಮಗುಚಿತು. ಊರವರು ಊಟ ತಂದರು. ಅವಳು ಪಾತ್ರೆ ತೊಳೆದು ಒಬ್ಬೊಬ್ಬರಿಗೂ ವಾಪಸು ಮಾಡಿದಳು. ಅಳಲಿಲ್ಲ.

ವಾಪಸು ಹೊರಟಾಗ ದೋಣಿ ನಡೆಸಿದವನು ರೇನೋನ ಅಪ್ಪ ಅರ್ವಿಡ್. ಬದುಕಿಡೀ ಸಾಲ್ಮನ್ನಿಗೆ ಬಲೆ ಬೀಸಿದವನು. ಈಗ ಇಲಾಖೆಯ ದೋಣಿಗೆ ಚಾಲಕ. ನೀರುಕಾಗೆ ಕಂಡರೆ ಉರಿದು ಬೀಳುತ್ತಿದ್ದ. ಅವನ ಬಾಯಲ್ಲಿ ಅವಕ್ಕೆ ಇದ್ದದ್ದು ಒಂದೇ ಹೆಸರು, 'ಕರಿ ದೆವ್ವ'. ಅವತ್ತು ಮಾತ್ರ ಅವನು ಉಸಿರೆತ್ತಲಿಲ್ಲ.

ದಕ್ಕೆಯಲ್ಲಿ ಇಳಿಯುತ್ತಲೇ ಸ್ಟ್ರೌಡ್ ಡೆಲ್‌ನತ್ತ ತಿರುಗಿದ. "ನಾಳೆಯಿಂದ ಬರಬೇಡ. ಕೇಸು ಹಾಕೋದು ಬಿಡೋದು ಆಮೇಲೆ ನೋಡ್ತೀವಿ."

ಹಿಲ್ಯಾ ಬಾಯಿ ತೆರೆದಳು. "ಸಾರ್, ಅದು..."

"ನೀರು ತುಂಬಿದ್ದು ನಾನು," ಎಂದ ಅರ್ವಿಡ್. ಹಗ್ಗ ಕಟ್ಟುತ್ತಿದ್ದವನು ತಲೆ ಎತ್ತಲೂ ಇಲ್ಲ.

ದಕ್ಕೆಯ ಮೇಲೆ ಬಲೆ ನೇಯುತ್ತಿದ್ದ ಹಳೆಯ ಗೆಳೆಯರು ಗೊಳ್ಳೆಂದು ನಕ್ಕರು. "ಏನ್ ಅರ್ವಿಡಣ್ಣ, ಬೆಳಿಗ್ಗೇನೇ ಏರಿಸಿದೀಯಾ? ಕರಿ ದೆವ್ವಗಳಿಗೆ ಬಾಣಂತನ ಬೇರೆ ಮಾಡ್ತಿದೀಯಾ?"

"ಹೂಂ ಕಣ್ರೋ. ವಯಸ್ಸಾಯ್ತು, ಮನಸ್ಸು ಮೆತ್ತಗಾಗಿದೆ."

ನಗು ನಿಂತಿತು. ಒಬ್ಬ ಅವನ ಕಾಲ ಬಳಿಯೇ ಉಗುಳಿ ಎದ್ದುಹೋದ. ಸ್ಟ್ರೌಡ್ ದೋಣಿಯ ಬೀಗದ ಕೈಗಾಗಿ ಕೈ ಚಾಚಿದ. ಅರ್ವಿಡ್ ಕೊಟ್ಟ.

ಹಿಲ್ಯಾ ಮಾವನನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೊರಟಳು. ಊರು ಹಿಂದಾಯಿತು.

"ನೀನು ನಲ್ಲಿ ಹತ್ರ ಕ್ಯಾನುಗಳಿಗೆ ನೀರು ಹಿಡೀತಿದ್ದದ್ದು ನೋಡಿದ್ದೆ," ಎಂದ ಅರ್ವಿಡ್. "ರೇನೋ ಹೋದ್ಮೇಲೆ ಇನ್ನೊಂದು ಜೀವ ತೆಗೆಯೋಕೆ ನಿಂಗೆ ಕೈ ಬರ್ತಿಲ್ಲ. ಅದು ನಂಗೆ ಗೊತ್ತಾಗುತ್ತೆ. ಆದ್ರೆ ಮಗಳೇ, ನದೀಲಿ ಮೀನಿದ್ದಿದ್ರೆ ಅವನು ಏಡಿ ಹಿಡಿಯೋಕೆ ಹೋಗ್ತಿರ್ಲಿಲ್ಲ. ಆ ಮೀನು ನುಂಗೋ ಹಕ್ಕಿ ಮೇಲೆ ಕನಿಕರಾನಾ?"

ಅವಳು ಮನೆಯ ದಾರಿ ಬಿಟ್ಟು, ಕಡಲಿನಿಂದ ದೂರ, ನದಿಯ ಮೇಲ್ಗಡೆಯ ದೊಡ್ಡ ಸೇತುವೆಯ ಬುಡಕ್ಕೆ ಹೋಗಿ ಗಾಡಿ ನಿಲ್ಲಿಸಿದಳು.

ಸೇತುವೆಯ ಉಕ್ಕಿನ ತೊಲೆಗಳು ಹಿಕ್ಕೆಯಿಂದ ಬೆಳ್ಳಗಾಗಿದ್ದವು. ಅವುಗಳ ಮೇಲೆ ಸಾಲು ಸಾಲು ನೀರುಕಾಗೆಗಳು. ಒಂದೊಂದೇ ನೀರಿಗೆ ಧುಮುಕುತ್ತಿತ್ತು. ಮೇಲೆದ್ದಾಗ ಕೊಕ್ಕಿನಲ್ಲಿ ಬೆರಳುದ್ದದ ಬೆಳ್ಳಿ ಮೀನು.

"ಇಷ್ಟೊಂದು ಎಲ್ಲಿಂದ ಬಂದ್ವು?"

"ದ್ವೀಪದಿಂದ. ಮೊಟ್ಟೆ ಕೆಟ್ಟರೆ ಅವು ಅಲ್ಲಿ ನಿಲ್ಲಲ್ಲ ಮಾವ, ಇಲ್ಲಿಗೆ ಬಂದು ಕೂರ್ತವೆ. ಅಲ್ಲಿ ಕಡಲು ಪಕ್ಕದಲ್ಲೇ ಇದೆ, ಜಾಸ್ತಿ ಕಡಲ ಮೀನೇ ತಿಂತವೆ. ಇಲ್ಲಿ ಅವಕ್ಕೆ ಸಿಗೋದು ಸಾಲ್ಮನ್ ಮರಿ ಒಂದೇ. ಎರಡು ವರ್ಷದಿಂದ ಹೇಳ್ತಾನೇ ಇದೀನಿ. ಮಂಜೂರಾದ ಕೆಲಸ ಮೊದಲು ಮುಗಿಸಿ ಅಂತಾರೆ."

ಅರ್ವಿಡ್ ಹಕ್ಕಿಗಳನ್ನೇ ನೋಡುತ್ತ ನಿಂತ.

"ಮರಿ ಇದ್ರೆ ಅವು ಗೂಡು ಬಿಟ್ಟು ಬರಲ್ಲ. ಅದಕ್ಕೇ ನೀರು ತುಂಬಿದ್ದು. ಕನಿಕರ ಗಿನಿಕರ ಏನಿಲ್ಲ ಮಾವ. ನಂಗೆ ಯಾವುದರ ಮೇಲೂ ಏನೂ ಅನ್ನಿಸ್ತಿಲ್ಲ. ರೇನೋ ಇಡೀ ಬದುಕು ಈ ಮೀನಿಗೆ ಕಾದ. ಅದು ಉಳೀಲಿ ಅಂತ, ಅಷ್ಟೇ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಡೆಲ್ ಮಾಡಿದ ಕಡೆಯವು ನಿಂತ್ವು. ನಾನು ಮಾಡಿದ ಕಡೆಯವು ಮಾತ್ರ ಎಲ್ಲ ಸತ್ತು, ಹಕ್ಕಿಗಳು ಇಲ್ಲಿಗೆ ಬಂದ್ಬಿಟ್ವು. ಅಲ್ಲಿಗೂ ನೀರೇ ಹೊಡೆದಿದ್ದೆ. ಯಾಕೆ ಹೀಗಾಯ್ತೋ ಗೊತ್ತಾಗ್ತಿಲ್ಲ."

ಅರ್ವಿಡ್ ಮೆಲ್ಲಗೆ ದಡದ ಕಲ್ಲಿನ ಮೇಲೆ ಕುಳಿತುಬಿಟ್ಟ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. 

"ನೀನು ಸಿಕ್ಕಿಬೀಳಬಾರದು ಅಂತ, ನೀನೂ ಡೆಲ್ಲೂ ಊಟಕ್ಕೆ ಕೂತಾಗೆಲ್ಲ ನಿನ್ನ ದಂಡೆಗೆ ಹೋಗಿ, ಒಂದು ಗೂಡೂ ಬಿಡದೆ ಎಣ್ಣೆ ಹೊಡೆದು ಬಂದವನು ನಾನೇ ಮಗಳೇ."